ಗುರುಶಾಂತಮ್ಮನ ಜಂಪರ್ ಪುಸ್ತಕ

ಸೀರೆಗೆ ಜಂಪರ್ ಹೊಲಿಸಲು ಬರುವ ಹೆಂಗಸರು ಬಟ್ಟೆಯ ಜೊತೆಗೆ ಒಂದು ಕಾಗದದ ಚೂರನ್ನೂ ತರುತ್ತಿದ್ದರು. ಕಿರಾಣಿ ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟ ವಾರಪತ್ರಿಕೆಯ ಹಾಳೆ, ಸೊಲ್ಲಾಪುರದ ಸೀರೆ ಡಬ್ಬಿಯಿಂದ ಕಿತ್ತ ರಟ್ಟು, ಹಳೆಯ ಕ್ಯಾಲೆಂಡರಿನ ತುಂಡು. ಅದರಲ್ಲಿ ಯಾವಳೋ ಸಿನಿಮಾದವಳು ಮರಕ್ಕೆ ಒರಗಿ ನಿಂತಿರುತ್ತಿದ್ದಳು. ಇಂಥಾದ್ದೇ ಬೇಕು ಎಂದು ಅದನ್ನು ಗುರುಶಾಂತಮ್ಮನ ಮಷೀನಿನ ಮೇಲೆ ಇಟ್ಟು, ಅಳತೆ ಕೊಟ್ಟು ಹೋಗುತ್ತಿದ್ದರು. ಜಂಪರ್ ಒಯ್ಯುವಾಗ ಕಾಗದ ಮರೆತು ಹೋಗುತ್ತಿದ್ದರು. ಗುರುಶಾಂತಮ್ಮ ಅವುಗಳಲ್ಲಿ ಒಂದನ್ನೂ ಎಸೆಯಲಿಲ್ಲ. ಮಿಠಾಯಿ ಡಬ್ಬಿಯೊಂದರಲ್ಲಿ ಹಾಕಿಡುತ್ತ ಬಂದಳು. ಡಬ್ಬಿ ತುಂಬಿತು, ಇನ್ನೊಂದು ಡಬ್ಬಿ ಬಂತು.

ಜಿಡಗಾದಿಂದ ಆಳಂದಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಗಂಡ ಹಣಮಂತರಾಯ ಸರಕಾರಿ ಬಸ್ಸಿನ ಕಂಡಕ್ಟರ್. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ ಅವನ ರೂಟು. ಮನೆಯಲ್ಲಿ ಅತ್ತೆ ಗಂಗಾಬಾಯಿ, ಹೈಸ್ಕೂಲಿಗೆ ಹೋಗುವ ನಾದಿನಿ ಮಹಾನಂದಾ. ತವರಿನಿಂದ ಬಂದ ಮಷೀನು ಪಡಸಾಲೆಯ ಕಿಟಕಿಯ ಕೆಳಗಿತ್ತು. ಅಲ್ಲಿ ಕೂತರೆ ಬೆಳಕೂ ಸಿಗುತ್ತಿತ್ತು, ಓಣಿಯೂ ಕಾಣುತ್ತಿತ್ತು.

ಆ ಚಿತ್ರಗಳಲ್ಲೊಂದು ತೊಡಕಿತ್ತು. ಅವೆಲ್ಲ ಮುಂದಿನಿಂದ ತೆಗೆದವು. ಹೆಂಗಸರಿಗೆ ಬೇಕಾದದ್ದು ಬೆನ್ನಿನ ಕಡೆಯ ಗಳಾ, ಅಂದರೆ ಕುತ್ತಿಗೆಯ ಆಕಾರ. ಅದು ಎಷ್ಟು ಇಳಿಯಬೇಕು, ದುಂಡಗೋ ಎಲೆಯ ಹಾಗೆ ಚೂಪೋ, ಅಂಚಿಗೆ ಪೈಪಿನ್ ಪಟ್ಟಿ ಇರಬೇಕೋ ಬೇಡವೋ. ಗುರುಶಾಂತಮ್ಮ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದಳು. ಅವರು ತಲೆಯಾಡಿಸಿ, ನಮ್ಮಂಥವರ ಮೈಮೇಲೆ ಅದು ಹೇಗೆ ಕಾಣುತ್ತದೋ ಏನೋ ಎಂದು ಅನುಮಾನಿಸಿ, ಕಡೆಗೆ ಯಾವಾಗಿನ ದುಂಡು ಗಳಾನೇ ಇರಲಿ ಎನ್ನುತ್ತಿದ್ದರು. ಹೊಸದನ್ನು ಹೊಲಿಯಬೇಕೆಂದು ಕೈ ತುರಿಸುತ್ತಿದ್ದವಳಿಗೆ ಇದರಿಂದ ಬಹಳ ಬೇಸರವಾಗುತ್ತಿತ್ತು.

ದಾರಿ ತೋರಿಸಿದವಳು ವಜೀರುನ್ನಿಸಾ. ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ ಲಾಡ್ಲೆಸಾಬನ ಹೆಂಡತಿ. ಗಂಡ ಮದುವೆಗಳಿಗೆ, ಶಾಲೆಗಳಿಗೆ ಫೋಟೋ ತೆಗೆಯಲು ತಿರುಗುತ್ತಿದ್ದ. ಕತ್ತಲೆ ಕೋಣೆಯಲ್ಲಿ ತೊಳೆದು ತೆಗೆಯುವ ಕೆಲಸವೆಲ್ಲ ಇವಳದು. ಕ್ಯಾಮೆರಾ ಹಿಡಿಯಲೂ ಬರುತ್ತಿತ್ತು. ಹೊಲಿದು ಯಾರಿಗಾದರೂ ತೊಡಿಸು, ಬೆನ್ನಿನ ಫೋಟೋ ನಾನು ತೆಗೆಯುತ್ತೇನೆ, ಮುಖ ಬೇಕಾಗಿಲ್ಲ ಎಂದಳು ಅವಳು. ಗುರುಶಾಂತಮ್ಮ ನಾಲ್ಕಾರು ಜನರನ್ನು ಕೇಳಿದಳು. ಒಬ್ಬಳು ಒಪ್ಪಿ ಮರುದಿನ ತಾಯಿಯ ಕಡೆಯಿಂದ ಬೇಡವೆಂದು ಹೇಳಿಕಳಿಸಿದಳು. ಉಳಿದವರು ನಕ್ಕರು. ಕೊನೆಗೆ ಬೇರೆ ಬೇರೆ ನಮೂನೆಯವನ್ನು ತನಗೇ ಹೊಲಿದುಕೊಂಡಳು.

ಲಾಡ್ಲೆಸಾಬ ಊರಲ್ಲಿಲ್ಲದ ಒಂದು ಮಧ್ಯಾಹ್ನ ಸ್ಟುಡಿಯೋದ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಸುಣ್ಣ ಹೊಡೆದ ಗೋಡೆಯ ಮುಂದೆ ನಿಂತಾಗ ಗುರುಶಾಂತಮ್ಮನಿಗೆ ತಲೆಯ ಮೇಲಿನ ಸೆರಗು ತೆಗೆಯಲು ಕೈ ಬರಲಿಲ್ಲ. ವಜೀರುನ್ನಿಸಾ ಅವಸರ ಮಾಡಲಿಲ್ಲ. ಕ್ಯಾಮೆರಾದ ಗಾಜು ಒರೆಸುತ್ತ ಕೂತಳು. ಆಮೇಲೆ ಗುರುಶಾಂತಮ್ಮ ಸೆರಗಿಳಿಸಿ, ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ನಿಂತಳು. ಬೆನ್ನಿಗೆ ಗಾಳಿ ತಾಕಿತು. ನಾಚಿಕೆಗಿಂತ ಹೆಚ್ಚಾಗಿ ಅವಳಿಗೆ ಹೊಲಿಗೆಯದೇ ಚಿಂತೆ, ಎಡಭುಜದ ಹತ್ತಿರ ಒಂದು ಸುಕ್ಕು ಉಳಿದಿತ್ತು.

ಅಂದು ಸಂಜೆಯೇ ಗಂಡನಿಗೆ ಹೇಳಿದಳು. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂದು ಅವಳಿಗೆ ಅನಿಸಿರಲಿಲ್ಲ. ವಾರ ಕಳೆದು ಫೋಟೋಗಳು ಬಂದಾಗ ಹಣಮಂತರಾಯ ಒಂದೊಂದನ್ನೇ ದೀಪದ ಹತ್ತಿರ ಹಿಡಿದು ನೋಡಿದ, ನಕ್ಕ, ಪೇಟೆಯ ಹೆಣ್ಣುಮಗಳ ಹಾಗಿದ್ದೀಯ ಎಂದ. ಅವನ ತಲೆ ಅವಳಿಗಿಂತ ಮುಂದೆ ಓಡಿತು. ಒಂದು ಆಲ್ಬಂ ಮಾಡಿ ಪಡಸಾಲೆಯಲ್ಲಿಟ್ಟರೆ ಬಂದವರಷ್ಟೇ ನೋಡುತ್ತಾರೆ. ಗುಲ್ಬರ್ಗದಲ್ಲಿ ಈಗ ಝೆರಾಕ್ಸ್ ಮಷೀನು ಬಂದಿದೆ, ಪುಸ್ತಕದ ಹಾಗೆ ಮಾಡಿ ಎಷ್ಟು ಬೇಕಾದರೂ ಪ್ರತಿ ತೆಗೆಸಬಹುದು, ಅಫಜಲಪುರದ ಟೇಲರುಗಳಿಗೆ, ಜೇವರ್ಗಿಯವರಿಗೆ ಬಸ್ಸಿನಲ್ಲೇ ಮುಟ್ಟಿಸಬಹುದು ಎಂದ.

ಆ ಒಂದು ತಿಂಗಳು ಮನೆಯಲ್ಲಿ ಹಬ್ಬದ ಕಳೆ. ಗಂಗಾಬಾಯಿ ಸ್ಟೋವಿನ ಮೇಲೆ ಮೈದಾ ಕುದಿಸಿ ಅಂಟು ಮಾಡಿದಳು. ಗಂಟಾಗದ ಹಾಗೆ ತಿರುವುವುದು ನಿನಗೆ ಬರುವುದಿಲ್ಲ ಎಂದು ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡಿದ್ದಳು. ಮಹಾನಂದಾ ದುಂಡಗಿನ ಅಕ್ಷರದಲ್ಲಿ ಪಾನ ಗಳಾ, ಮಟಕಾ ಗಳಾ ಎಂದು ಒಂದೊಂದು ಚಿತ್ರದ ಕೆಳಗೂ ಬರೆದಳು. ಒಂದು ಕಡೆ ಪತ್ರಿಕೆಯಿಂದ ಕತ್ತರಿಸಿದ ಸಿನಿಮಾದವಳು, ಅದರ ಎದುರಿಗೆ ಅದೇ ಜಂಪರ್ ತೊಟ್ಟ ಗುರುಶಾಂತಮ್ಮನ ಬೆನ್ನು, ಕೆಳಗೆ ಎಷ್ಟು ಬಟ್ಟೆ ಬೇಕು, ಒಳಗೆ ಅಸ್ತರ ಬೇಕೋ ಬೇಡವೋ ಎನ್ನುವ ವಿವರ. ಝೆರಾಕ್ಸಿನಲ್ಲಿ ಎಲ್ಲ ಕಪ್ಪಾಗಿ ಬರುತ್ತದೆಂದು ವಜೀರುನ್ನಿಸಾ ಫೋಟೋಗಳನ್ನು ಬೇಕೆಂದೇ ತಿಳಿಯಾಗಿ ತೊಳೆದುಕೊಟ್ಟಿದ್ದಳು. ಹೆಸರು ಬರೆಯುವ ಮಾತು ತೆಗೆದವನು ಹಣಮಂತರಾಯ.

"ಹೆಸರಿಲ್ಲಂದ್ರ ಯಾರರೆ ತಮ್ಮದಂತಾರ. ಹಾಳಿಗೊಂದು ಬರಿ. ಗುರುಶಾಂತಮ್ಮ ಲೇಡೀಸ್ ಟೇಲರ್, ಆಳಂದ, ಅಂತ ದೊಡ್ಡದಾಗಿ ಬರಿ" ಎಂದು ತಂಗಿಗೆ ಹೇಳಿದ.

ರಜೆಯ ದಿನ ಗುಲ್ಬರ್ಗಕ್ಕೆ ಹೋಗಿ ಬೆಚ್ಚಗಿನ ಹಾಳೆಗಳ ಕಟ್ಟನ್ನು ತಾನೇ ತಂದ. ಗುರುಶಾಂತಮ್ಮ ಹಾಳೆಗಳನ್ನು ಜೋಡಿಸಿ, ಅಂಚನ್ನು ಮಷೀನಿನ ಸೂಜಿಯ ಕೆಳಗಿಟ್ಟು, ದೊಡ್ಡ ಟಾಕಿನಲ್ಲಿ ಹೊಲಿದು ಪುಸ್ತಕ ಮಾಡಿದಳು. ಮೊದಲನೆಯದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವುತ್ತ ಬಹಳ ಹೊತ್ತು ಕೂತಿದ್ದಳು. ಯಾರ್‍ಯಾರೋ ಎಲ್ಲೆಲ್ಲಿಂದಲೋ ತಂದು ಬಿಟ್ಟುಹೋದ ಚೂರುಗಳು ಈಗ ಒಂದು ವಸ್ತುವಾಗಿದ್ದವು.

ಪುಸ್ತಕ ಓಡಿತು. ಅಫಜಲಪುರದ ಟೇಲರ್ ಖಾಸೀಂಬಿ ದುಡ್ಡು ಕೊಟ್ಟು ಒಂದು ಇಟ್ಟುಕೊಂಡು ಇನ್ನೊಂದನ್ನು ತನ್ನ ತಂಗಿಗೆ ಬೇಕೆಂದು ಹೇಳಿಕಳಿಸಿದಳು. ಗೊಬ್ಬೂರಿನಿಂದ, ಜೇವರ್ಗಿಯಿಂದ ಬಸ್ಸಿನಲ್ಲಿ ಬಟ್ಟೆಯ ಗಂಟುಗಳು ಬರತೊಡಗಿದವು. ಗಂಟಿನೊಳಗೆ ಅಳತೆಗೆ ಹಳೇ ಜಂಪರ್, ಪುಸ್ತಕದ ಯಾವ ಚಿತ್ರ ಬೇಕೆನ್ನುವ ಚೀಟಿ. ಹಣಮಂತರಾಯ ಮತ್ತೆ ಪ್ರತಿ ತೆಗೆಸಿದ, ಮತ್ತೂ ಒಂದು ಸಲ ತೆಗೆಸಿದ. ನಮ್ಮ ಮನೆಯವಳು ಮಾಡಿದ್ದು ಎಂದು ಡಿಪೋದಲ್ಲಿ ಹೇಳಿಕೊಂಡು ತಿರುಗಿದ. ಗಂಗಾಬಾಯಿ ಮಗ್ಗುಲ ಮನೆಯವರಿಗೆ ಪುಸ್ತಕ ತೋರಿಸಿ ಸೊಸೆಯ ಕೈ ಹೊಗಳುತ್ತಿದ್ದಳು.

ಆಮೇಲೊಂದು ದಿನ ಹಣಮಂತರಾಯ ಡ್ಯೂಟಿಯಿಂದ ಬಂದು ಅರ್ಧ ಊಟ ಬಿಟ್ಟು ಮಲಗಿದ. ಜೇವರ್ಗಿಯಲ್ಲಿ ಆದದ್ದು ಅವಳಿಗೆ ಮರುದಿನ ಡ್ರೈವರನ ಹೆಂಡತಿಯಿಂದ ತಿಳಿಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದೌಲತರಾಯನೆಂಬ ಲಾರಿ ಮಾಲೀಕ ತನ್ನ ಮನೆಯ ಹೆಂಗಸರಿಂದ ತಂದ ಪುಸ್ತಕವನ್ನು ಟೇಬಲ್ಲಿನ ಮೇಲೆ ತೆರೆದಿಟ್ಟುಕೊಂಡು ಕೂತಿದ್ದನಂತೆ. ಸುತ್ತ ನಾಲ್ಕು ಜನ ಬಗ್ಗಿ ನೋಡುತ್ತಿದ್ದರಂತೆ. ಹಣಮಂತರಾಯ ಚಹಾ ಕುಡಿಯಲು ಒಳಗೆ ಬಂದಾಗ, "ಏನ್ರಿ ಕಂಡಕ್ಟರ್, ಟಿಕೇಟಿನ ಜೋಡಿ ಮನೀ ಹೆಣ್ಣಮಗಳ ಬೆನ್ನೂ ಹಂಚಾಕತ್ತೀರಂತಲ್ಲ" ಎಂದನಂತೆ. ಹೋಟೆಲು ತುಂಬ ನಗೆ. ಹಣಮಂತರಾಯ ಚಹಾ ಮುಟ್ಟದೆ ಎದ್ದು ಬಂದನಂತೆ.

ಅವಳಿಗೆ ಗಂಡನ ಮೇಲೆ ಕನಿಕರ ಬಂತು. ತನ್ನಿಂದಾಗಿ ಅವನು ಮಾತು ಕೇಳಬೇಕಾಯಿತಲ್ಲ ಎಂದು ಮರುಗಿ, ಅವನ ಮುಂದೆ ಹೇಗೆ ಮಾತೆತ್ತಬೇಕೆಂದು ಯೋಚಿಸುತ್ತಿದ್ದಳು. ಇಬ್ಬರೂ ಕೂತು ಮಾತಾಡಿದರೆ ಏನಾದರೂ ದಾರಿ ಸಿಗುತ್ತದೆ, ಆ ಫೋಟೋಗಳನ್ನು ತೆಗೆದು ಬರೀ ಗೆರೆಯ ಚಿತ್ರ ಹಾಕಿ ಹೊಸ ಪುಸ್ತಕ ಮಾಡಬಹುದು ಎಂದುಕೊಂಡಳು.

ಆದರೆ ಆ ರವಿವಾರ ಮಟಕಿ ಊರಿಂದ ಶಾಂತಲಿಂಗಪ್ಪ ಬಂದ. ಹಣಮಂತರಾಯನ ಕಾಕಾ. ತೊಗರಿಯ ದೊಡ್ಡ ವ್ಯಾಪಾರಿ, ತಂದೆಯಿಲ್ಲದ ಈ ಮನೆಗೆ ಹಿರಿಯ. ಹಣೆಯ ವಿಭೂತಿ ಇನ್ನೂ ಮಾಸಿರಲಿಲ್ಲ. ಕೈಚೀಲದಿಂದ ಪುಸ್ತಕ ತೆಗೆದು ಜಮಖಾನೆಯ ಮೇಲೆ ಬೋರಲಾಗಿಟ್ಟ. ಯಾರೋ ಮಟಕಿಯವರೆಗೂ ಅದನ್ನು ಮುಟ್ಟಿಸಿದ್ದರು. ಗುರುಶಾಂತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಗಾಬಾಯಿ ಕಂಬದ ಹತ್ತಿರ ಕೂತಿದ್ದಳು.

ಶಾಂತಲಿಂಗಪ್ಪ ಕೂಗಾಡಲಿಲ್ಲ. ನಮ್ಮ ಮನೆತನದ ಹೆಣ್ಣುಮಗಳ ಹೆಸರು ಹೋಟೆಲಿನ ಟೇಬಲ್ಲಿನ ಮೇಲೆ ಬಿದ್ದಿದೆ, ಇದು ಹೇಗಾಯಿತು ಎಂದಷ್ಟೇ ಕೇಳಿದ. ಮಹಾನಂದಾಗೆ ನಾಳೆ ಗಂಡು ನೋಡಬೇಕು ಎಂಬುದನ್ನೂ ಸೇರಿಸಿದ. ಆಮೇಲೆ ಹಣಮಂತರಾಯನ ಕಡೆ ತಿರುಗಿದ.

"ನಿನಗ ಇದು ಗೊತ್ತಿತ್ತೇನೋ?"

ಹಣಮಂತರಾಯ ಜಮಖಾನೆಯ ದಾರ ಕೀಳುತ್ತಿದ್ದ. "ಇಲ್ಲ ಕಾಕಾ. ನಾ ದಿನಾ ಡ್ಯೂಟಿ ಮ್ಯಾಲೆ ಇರಾಂವ. ಹೊಲಿಗಿ ಪುಸ್ತಕ ಅಂದಿದ್ಲು, ಒಳಗ ಏನದ ಅಂತ ನಾ ತಗದ ನೋಡಿಲ್ಲ" ಎಂದ.

ಗುರುಶಾಂತಮ್ಮನಿಗೆ ಮೊದಲು ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅನಿಸಿತು. ಹಿರಿಯರೆದುರು ಮಾತಾಡಿದವಳಲ್ಲ. ಆದರೂ ಬಾಗಿಲು ದಾಟಿ ಪಡಸಾಲೆಗೆ ಬಂದಳು.

"ಕಾಕಾರ, ಕಲಬುರ್ಗಿಗಿ ಹೋಗಿ ಝೆರಾಕ್ಸ್ ಮಾಡಿಸ್ಕೊಂಡು ಬಂದವ್ರು ಇವ್ರೇ. ಜೇವರ್ಗಿಗಿ ಒಯ್ದು ಕೊಟ್ಟವ್ರೂ ಇವ್ರೇ. ಅತ್ತಿಯವ್ರಿಗಿ ಎಲ್ಲಾ ಗೊತ್ತದ, ಕೇಳ್ರಿ."

ಶಾಂತಲಿಂಗಪ್ಪ ಅತ್ತಿಗೆಯ ಕಡೆ ನೋಡಿದ. ಗಂಗಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಒಮ್ಮೆ ಮಗನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ನಾ ಓದು ಬರದ ಮನಶಾಳು. ಈಗಿನವ್ರ ಪುಸ್ತಕ ನನಗ ಏನ ತಿಳೀತದ" ಎಂದಳು.

ಮಹಾನಂದಾಳನ್ನು ಯಾರೂ ಕೇಳಲಿಲ್ಲ. ಅವಳು ಒಳಕೋಣೆಯಲ್ಲಿ ಶಾಲೆಯ ಪುಸ್ತಕ ಹಿಡಿದು ಪರೀಕ್ಷೆಗೆ ಓದುವವಳಂತೆ ಕೂತಿದ್ದಳು. ಹಾಳೆ ಹಾಳೆಗೂ ತನ್ನದೇ ದುಂಡು ಅಕ್ಷರವಿದೆ ಎಂಬ ಹೆದರಿಕೆಗೆ ಅವಳ ಕಿವಿ ಕೆಂಪಾಗಿದ್ದವು.

ತೀರ್ಮಾನಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಹಿತ್ತಲಲ್ಲಿ ಸುಡುವುದು. ಹಂಚಿದ್ದನ್ನು ಹಣಮಂತರಾಯ ಹೋಗಿ ಇಸಿದುಕೊಂಡು ಬರುವುದು. ಮಷೀನು ಅಟ್ಟಕ್ಕೆ ಏರುವುದು. ಗುರುಶಾಂತಮ್ಮ ಇನ್ನು ಹೊರಗಿನವರ ಬಟ್ಟೆ ಮುಟ್ಟಬಾರದು. ಶಾಂತಲಿಂಗಪ್ಪ ಹೇಳಿಕಳಿಸಿದ ಮೇಲೆ ಲಾಡ್ಲೆಸಾಬ ನೆಗೆಟಿವ್‌ಗಳ ಸುರುಳಿ ತಂದು, ಹಿರಿಯರ ಕಣ್ಣೆದುರಿಗೇ ಕತ್ತರಿಯಿಂದ ಚೂರು ಚೂರು ಮಾಡಿದ. ಇದೆಲ್ಲ ತನ್ನ ಹಿಂದೆ ನಡೆದದ್ದು, ತಾನು ಊರಲ್ಲಿರಲಿಲ್ಲ ಎಂದು ಕೈಮುಗಿದು ಹೇಳಿದ. ಕೈ ತೊಳೆದುಕೊಂಡವರಲ್ಲಿ ಅವನ ಮಾತು ಮಾತ್ರ ನಿಜವಾಗಿತ್ತು.

ಮಧ್ಯಾಹ್ನದ ಮೇಲೆ ವಜೀರುನ್ನಿಸಾ ಹಿತ್ತಲ ಬಾಗಿಲಿಗೆ ಬಂದಳು. ಸುಟ್ಟ ಕಾಗದದ ಹೊಗೆ ಇನ್ನೂ ಇಳಿದಿರಲಿಲ್ಲ. ಫೋಟೋ ಎಣಿಸಿ ಒಯ್ಯಲು ನಿನ್ನ ಗಂಡನೇ ಸ್ಟುಡಿಯೋಕ್ಕೆ ಬಂದಿದ್ದ, ಇನ್ನೂ ನಾಲ್ಕು ನಮೂನೆ ತೆಗೆಯಿರಿ ಎಂದು ಅವನೇ ಹೇಳಿದ್ದ, ನಾನು ಬಂದು ನಿಮ್ಮ ಕಾಕಾನ ಮುಂದೆ ಹೇಳುತ್ತೇನೆ ಎಂದಳು. ಗುರುಶಾಂತಮ್ಮ ಹೌದು, ಬಾ ಎನ್ನುವಷ್ಟರಲ್ಲಿ ಲಾಡ್ಲೆಸಾಬ ಹಿಂದೆಯೇ ಬಂದು ನಿಂತಿದ್ದ. ಹೆಂಡತಿಯ ತೋಳು ಹಿಡಿದುಕೊಂಡು ಮೆತ್ತಗೆ ಹೇಳಿದ.

"ಅಕ್ಕಾರ, ನಮ್ಮ ಮನಿಯವ್ರು ಬಾಯಿ ಬಿಟ್ರ ಮಾತು ಬ್ಯಾರೇ ಕಡೀಗಿ ತಿರಗ್ತದ್ರಿ. ಅಂಗಡಿ ಇಟ್ಕೊಂಡು ಬದುಕಾಂವ ನಾ. ಮಾಫ್ ಮಾಡ್ರಿ."

ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದಕ್ಕೇ ಇನ್ನಷ್ಟು ಉರಿಯಿತು. ವಜೀರುನ್ನಿಸಾ ಓಣಿಯ ತಿರುವಿನವರೆಗೂ ಹಿಂತಿರುಗಿ ನೋಡುತ್ತ ಹೋದಳು.

ಮರುದಿನ ಬೆಳಿಗ್ಗೆ ಹಣಮಂತರಾಯ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಗುರುಶಾಂತಮ್ಮ ಎದುರಿಗೆ ನಿಂತಳು. ಅತ್ತೆ ನೀರಿಗೆ ಹೋಗಿದ್ದಳು. ಗಂಡ ತಪ್ಪೊಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಆದರೆ ತನ್ನೊಬ್ಬಳ ಮುಂದಾದರೂ ನಿಜ ಆಡುತ್ತಾನೆ ಎಂದುಕೊಂಡಿದ್ದಳು.

"ಹಾಳಿಗೊಂದು ನನ್ನ ಹೆಸರು ಬರಸ್ದವ್ರು ಯಾರ್ರಿ?" ಎಂದಳು.

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಚಿಕ್ಕವರಿಗೆ ತಿಳಿಹೇಳುವಂತೆ ಹೇಳಿದ.

"ನಾ ಹೌದು ಅಂದಿದ್ರ ಇಬ್ಬರ ಮರ್ಯಾದಿ ಹೋಗ್ತಿತ್ತು. ಈಗ ಒಬ್ಬರದಷ್ಟೇ ಹೋತು. ಹೆಂಗೂ ನೀ ಮನ್ಯಾಗ ಇರಾಕಿ. ನಾ ಮಂದ್ಯಾಗ ತಿರಗಬೇಕಲ್ಲ, ಶಾಂತಾ. ಆರು ತಿಂಗಳು ಸುಮ್ಮನಿರು, ಎಲ್ಲಾ ಮರೀತಾರ."

ಹೇಳಿ, ಟಿಕೇಟಿನ ಪೆಟ್ಟಿಗೆ ಬಗಲಿಗೆ ಹಾಕಿಕೊಂಡು ಹೋದ. ಅವಳಿಗೆ ಅಳು ಬರಲಿಲ್ಲ. ನಾಲ್ಕು ವರ್ಷ ತಾನು ಯಾರ ಜೊತೆ ಇದ್ದೆ ಎಂದು ಲೆಕ್ಕ ಸಿಗದವಳಂತೆ ಒಲೆಯ ಮುಂದೆ ಕೂತಳು. ಅವನು ಲೆಕ್ಕ ಹಾಕಿಯೇ ಆಡಿದ್ದ. ಲೆಕ್ಕ ಸರಿಯಾಗಿಯೂ ಇತ್ತು. ಅದರಲ್ಲಿ ಅವನು ಕಳೆದದ್ದು ತನ್ನನ್ನು.

ಹಂಚಿದ ಪುಸ್ತಕಗಳು ಹಿಂದೆ ಬರಲಿಲ್ಲ. ಅಫಜಲಪುರದಲ್ಲಿ, ಜೇವರ್ಗಿಯಲ್ಲಿ ಹಣಮಂತರಾಯ ಕೇಳಿದಾಗ ಕೆಲವರು ಕೊಟ್ಟರು. ಕೊಡುವ ಮೊದಲು ಪ್ರತಿ ತೆಗೆಸಿ ಇಟ್ಟುಕೊಂಡರು. ಕೆಲವರು ಯಾರೋ ಒಯ್ದರು ಎಂದರು. ಖಾಸೀಂಬಿ ಮಾತ್ರ ನೇರವಾಗಿ, ಇದು ನಿಮ್ಮ ಹೆಂಡತಿಯ ಹತ್ತಿರ ಕೊಂಡದ್ದು, ಬೇಕಾದರೆ ಅವಳೇ ಬಂದು ಕೇಳಲಿ ಎಂದಳಂತೆ. ಆ ಮಾತನ್ನು ಅವನು ಮನೆಗೆ ಬಂದು ದೂರಿನಂತೆ ಹೇಳಿದ. ಗುರುಶಾಂತಮ್ಮನಿಗೆ ಅದು ಬೇರೆ ರೀತಿ ಕೇಳಿಸಿತು.

ಮಳೆಗಾಲದ ಕೊನೆಗೆ, ತವರಿಗೆ ಹೋಗುತ್ತೇನೆಂದು ಜಿಡಗಾಕ್ಕೆ ಹೋದವಳು ಅಲ್ಲಿಯ ಮಠದ ಭಜನೆಯ ಜಾಗರಣೆ ಮುಗಿಸಿಕೊಂಡು ಅಲ್ಲಿಂದ ಆಳಂದಕ್ಕೆ ಮರಳಲಿಲ್ಲ. ಅಣ್ಣ ಬೈದ. ಅತ್ತಿಗೆ ಓಣಿಯವರಿಗೆ ಏನು ಹೇಳಲಿ ಎಂದಳು. ಅಲ್ಲೂ ಪುಸ್ತಕದ ಸುದ್ದಿ ಮುಟ್ಟಿತ್ತು. ಅಣ್ಣನ ಮನೆಯಲ್ಲಿ ತಾನು ಊಟಕ್ಕೆ ಕೂತಾಗಲೆಲ್ಲ ಮಾತು ನಿಲ್ಲುವುದನ್ನು ನೋಡಿ, ಒಂದು ಮುಂಜಾನೆ ಸೀರೆಯ ಗಂಟು ಹಿಡಿದು ಅಫಜಲಪುರದ ಬಸ್ಸು ಹತ್ತಿದಳು. ಗಂಡನ ಬಸ್ಸು ಅಲ್ಲವೆಂದು ಮೊದಲು ವಿಚಾರಿಸಿಕೊಂಡಳು.

ಖಾಸೀಂಬಿಯ ಅಂಗಡಿ ಸಂತೆ ಬೀದಿಯ ಒಳಗಿತ್ತು. ವಯಸ್ಸಾದ ಹೆಂಗಸು, ಸೂಜಿ ಪೋಣಿಸಲು ಕಣ್ಣು ಸಾಲುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಗುರುಶಾಂತಮ್ಮ ಹೆಸರು ಹೇಳಿದಾಗ ಮೇಲಿನಿಂದ ಕೆಳಗೆ ನೋಡಿ, ಪುಸ್ತಕ ಕೇಳಲು ಬಂದೆಯಾ ಎಂದಳು. ಅಲ್ಲ ಆಪಾ, ಕೆಲಸ ಕೇಳಲು ಬಂದೆ ಎಂದಳು ಇವಳು. ಖಾಸೀಂಬಿ ಇನ್ನೊಂದು ಮಾತು ಕೇಳದೆ ಮೂಲೆಯ ಮಷೀನಿನ ಮೇಲಿನ ಹೊದಿಕೆ ತೆಗೆದಳು. ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಬೇರೆಯಾಗಿ ಬೇಯಿಸಿಕೊಳ್ಳಲಿ ಎಂದು ತಾನೇ ಒಂದು ಸ್ಟೋವೂ ಕೊಡಿಸಿದಳು. ಅಷ್ಟೇ ಹೊರತು ಮಗಳೇ ತಾಯೇ ಎಂಬ ಮಾತು ಇಬ್ಬರ ನಡುವೆಯೂ ಎಂದೂ ಬರಲಿಲ್ಲ. ತಪ್ಪು ಹೊಲಿದರೆ ಖಾಸೀಂಬಿ ಬಿಚ್ಚಿಸುತ್ತಿದ್ದಳು.

ವರ್ಷಗಳು ಹೋದವು. ಆಳಂದದಿಂದ ಯಾರೂ ಕರೆಯಲು ಬರಲಿಲ್ಲ. ಹಣಮಂತರಾಯ ರೂಟು ಬದಲಿಸಿಕೊಂಡಿದ್ದ. ಬಿಟ್ಟುಹೋದವಳು ಎಂದು ಅವನು ಹೇಳಿಕೊಂಡ, ಗಂಡ ಬಿಟ್ಟವಳು ಎಂದು ಊರು ಹೇಳಿಕೊಂಡಿತು. ಅವನು ಎರಡನೆಯ ಮದುವೆಯಾದ ಸುದ್ದಿ ಬಂದ ದಿನ ಅವಳು ಮಧ್ಯಾಹ್ನ ಉಣ್ಣಲಿಲ್ಲ. ಸಂಜೆಗೆ ಹಸಿವಾಯಿತು, ಉಂಡಳು.

ಈ ನಡುವೆ ಗಿರಾಕಿಗಳು ಅಂಗಡಿಗೆ ತರುವ ಹಾಳೆಗಳಲ್ಲಿ ಒಮ್ಮೊಮ್ಮೆ ಆ ಪುಸ್ತಕದ ಹಾಳೆಯೂ ಇರುತ್ತಿತ್ತು. ಪ್ರತಿಯ ಪ್ರತಿ, ಅದರ ಪ್ರತಿ. ಸಿನಿಮಾದವಳ ಮುಖ ಮಸಿಯಾಗಿ ಹೋಗಿತ್ತು. ಎದುರಿನ ಬೆನ್ನು ಬರೀ ಕಪ್ಪು, ಗಳಾದ ಆಕಾರ ಮಾತ್ರ ಬೆಳ್ಳಗೆ ಉಳಿದಿತ್ತು. ಕೆಳಗಿನ ಅಂಚನ್ನು ಯಾರೋ ಮಡಚಿ ಪ್ರತಿ ತೆಗೆಸಿದ್ದರಿಂದ ಹೆಸರು ಇರಲಿಲ್ಲ. ಒಬ್ಬ ಹುಡುಗಿ ಅದನ್ನು ತೋರಿಸಿ, ಇದು ಸೊಲ್ಲಾಪುರದ ಡಿಸೈನು, ನಿಮಗೆ ಬರುತ್ತದೋ ಇಲ್ಲವೋ ಎಂದಳು. ಬರುತ್ತದೆ ಎಂದಳು ಗುರುಶಾಂತಮ್ಮ. ಯಾವ ಹೆಸರಿಗಾಗಿ ಅವಳು ಮನೆ ಕಳೆದುಕೊಂಡಳೋ ಅದು ಇಷ್ಟು ಬೇಗ ಉದುರಿಹೋಗುವಂಥದ್ದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅವಳು ಅಫಜಲಪುರಕ್ಕೆ ಬಂದ ಆರನೆಯ ವರ್ಷ, ಬೇಸಿಗೆಯಲ್ಲಿ, ಗಂಗಾಬಾಯಿ ಅಂಗಡಿಗೆ ಬಂದಳು. ಬಹಳ ಇಳಿದಿದ್ದಳು. ಜೊತೆಗೆ ಯಾರೂ ಇರಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಚೀಲದಿಂದ ರೇಷ್ಮೆ ಖಣಗಳನ್ನು ತೆಗೆದು ಮಷೀನಿನ ಮೇಲಿಟ್ಟಳು. ಮಹಾನಂದಾಳ ಮದುವೆ ಗೊತ್ತಾಗಿತ್ತು. ಬೀಗರು ಗುಲ್ಬರ್ಗದವರು, ಹೊಸ ನಮೂನೆಯ ಜಂಪರ್ ಬೇಕೆಂದು ಕೇಳಿದ್ದರು. ಆಳಂದದ ಟೇಲರುಗಳು ಎರಡು ಖಣ ಕೆಡಿಸಿದ್ದರು. ಹುಡುಗಿ ಹಟ ಹಿಡಿದಿದ್ದಳು, ತನ್ನ ಹಳೆಯ ಅತ್ತಿಗೆಯ, ವೈನಿಯ ಕೈಯಿಂದಲೇ ಆಗಬೇಕು ಎಂದು.

"ಆಕೀನ ನನ್ನ ಕಳಸ್ಯಾಳ. ಹೊಲದ ಕೊಡವ್ವಾ" ಎಂದಳು ಗಂಗಾಬಾಯಿ. ಬಾಗಿಲ ಕಡೆ ನೋಡಿ, "ನೀ ಹೊಲದೀ ಅಂತ ಹೊರಗ ಬರಬಾರದು. ಬೀಗರು ಮಂದಿ ಸರಿ ಇಲ್ಲ. ಮದುವಿಗಿ ಕರೀಬೇಕಂತ ನನಗೂ ಅದ, ಆದ್ರ..." ಎಂದು ನಿಲ್ಲಿಸಿದಳು.

ಖಾಸೀಂಬಿ ತಲೆಯೆತ್ತದೆ ಕಾಜಾ ಹಾಕುತ್ತಿದ್ದಳು. ಗುರುಶಾಂತಮ್ಮ ಖಣದ ಮೇಲೆ ಕೈಯಾಡಿಸಿದಳು. ಒಳ್ಳೆಯ ಬಟ್ಟೆ. ಈ ಮುದುಕಿಯನ್ನು ಕಂಡಾಗ ಏನೇನೋ ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದಳು. ಈಗ ಆಡಿದ್ದು ಬೇರೆಯೇ.

"ಅಳತಿ ಇಲ್ದ ಹ್ಯಾಂಗ ಕತ್ತರಸ್ಲಿ ಅತ್ತಿ? ಆಗಿನ ಹುಡುಗಿ ಅಲ್ಲ ಆಕಿ ಈಗ. ಆಕೀನ ಬರ್ಲಿ. ಹಗಲ ಹೊತ್ತಿನ್ಯಾಗ ಬರ್ಲಿ, ಮುಂದಿನ ಬಾಗಲದಿಂದ. ಆಗ ಹೊಲದ ಕೊಡ್ತೇನಿ."

ಗಂಗಾಬಾಯಿ ಹಳೇ ಜಂಪರ್ ತಂದಿದ್ದೇನೆ, ಅಳತೆಗೆ ಅದೇ ಸಾಕಲ್ಲವೇ ಎಂದಳು. ಸಾಲದು ಎಂದಳು ಗುರುಶಾಂತಮ್ಮ. ಮುದುಕಿ ಖಣಗಳನ್ನು ಅಲ್ಲೇ ಬಿಟ್ಟು, ಹುಡುಗಿಯನ್ನು ಕಳಿಸಿಕೊಡುತ್ತೇನೆ, ನೋಡೋಣ ಎಂದು ಎದ್ದಳು. ಗುರುಶಾಂತಮ್ಮ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದಳು. ದಾರಿಯಲ್ಲಿ ಇಬ್ಬರೂ ಬಿಸಿಲಿನ ಮಾತಾಡಿದರು.

ಮಹಾನಂದಾ ಬರಲಿಲ್ಲ. ಗುರುಶಾಂತಮ್ಮ ಖಣಗಳನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟಿದ್ದಳು. ಯಾರಾದರೂ ಹುಡುಗಿ ಬಾಗಿಲಲ್ಲಿ ನಿಂತರೆ ಕತ್ತೆತ್ತಿ ನೋಡುತ್ತಿದ್ದಳು. ಲಗ್ನದ ದಿನ ಹತ್ತಿರ ಬಂದಾಗ ಆಳಂದದ ಕಡೆಯ ಒಬ್ಬ ಆಳು ಬಂದು, ಬಟ್ಟೆ ವಾಪಸ್ ಕೊಡಬೇಕಂತೆ, ಗುಲ್ಬರ್ಗದಲ್ಲಿ ಹೊಲಿಸುತ್ತಾರಂತೆ ಎಂದ. ಅವಳು ಗಂಟು ಇಳಿಸಿ ಅವನ ಕೈಗೆ ಕೊಟ್ಟಳು.

ಅವನು ಹೋದ ಮೇಲೆ ಖಾಸೀಂಬಿ, ಸುಮ್ಮನೆ ಹೊಲಿದು ಕೊಟ್ಟುಬಿಡಬಹುದಿತ್ತಲ್ಲ, ಹುಡುಗಿಯ ತಪ್ಪೇನಿದೆ ಎಂದು ಕೇಳಿದಳು. ಹುಡುಗಿ ಬಂದಿದ್ದರೆ ಗುರುಶಾಂತಮ್ಮ ಹೊಲಿಯುತ್ತಿದ್ದಳು, ಎಲ್ಲಕ್ಕಿಂತ ಚೆನ್ನಾಗಿ ಹೊಲಿಯುತ್ತಿದ್ದಳು. ಯಾವ ಗಳಾ, ಎಷ್ಟು ಇಳುವು, ಎಲ್ಲಿ ಪೈಪಿನ್ ಎಂದು ಈ ಹದಿನೈದು ದಿನ ತನಗೆ ತಾನೇ ತೀರ್ಮಾನ ಮಾಡಿಟ್ಟುಕೊಂಡಿದ್ದಳು. ತನ್ನ ಹೆಸರು ಮುಚ್ಚಿಡಲು ಹೊರಟವರಿಗಾಗಿ ಇಷ್ಟು ಕಾದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದುರಿಗಿದ್ದ ಯಾರದೋ ಜಂಪರಿಗೆ ಹುಕ್ಕು ಹಚ್ಚುವುದು ಬಾಕಿಯಿತ್ತು, ಸಂಜೆ ಒಯ್ಯಲು ಬರುತ್ತಾರೆಂದು ಅದನ್ನು ಕೈಗೆತ್ತಿಕೊಂಡಳು.